ಮಂತ್ರದ ಬಲೆಗೆ ಸುರಿದ ಚಿನ್ನ ವ್ಯರ್ಥವಾಗದಿರಲು

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದಲ್ಲಿ ಮಾಂತ್ರಿಕ ಪಾತ್ರ ಐದನೇ ಲೆವೆಲ್ ತಲುಪಿ ಹೊಸ ಮಂತ್ರ ಆರಿಸಿಕೊಳ್ಳುವ ದಿನ ಬಂದಾಗ ಬಹುತೇಕ ಆಟಗಾರರು ಯೋಚಿಸದೆ ‘ಫೈರ್‌ಬಾಲ್’ ಬರೆದುಕೊಳ್ಳುತ್ತಾರೆ. ಷರತ್ತು ಈಡೇರಿದಾಗ ಸಿಡಿಯುವ ಗುಪ್ತ ಗುರುತನ್ನು ಬರೆದಿಡುವ ‘ಗ್ಲಿಫ್ ಆಫ್ ವಾರ್ಡಿಂಗ್’ ಮೇಲೂ ಕಣ್ಣು ಹಾಯುತ್ತದೆ. ಆದರೆ ಅದಕ್ಕೆ 200 ಚಿನ್ನದ ನಾಣ್ಯ ಬೆಲೆಯ ವಜ್ರದ ಪುಡಿ ಬೇಕು, ಮಂತ್ರ ಹಾಕಿದೊಡನೆ ಆ ಪುಡಿ ಖರ್ಚಾಗಿ ಹೋಗುತ್ತದೆ ಎಂಬ ಸಾಲು ಕಂಡ ಕೂಡಲೇ ಪುಟ ಮಗುಚುತ್ತಾರೆ. ಹಲವು ವರ್ಷಗಳಿಂದ ಡಂಜನ್ ಮಾಸ್ಟರ್ ಆಗಿ ಆಟ ನಡೆಸುತ್ತಿರುವ ನನಗೆ ಇದನ್ನು ನೋಡಿದಾಗಲೆಲ್ಲ ಬೇಸರವಾಗುತ್ತದೆ. ಈ ಮಂತ್ರ ದುಬಾರಿ ಎಂಬುದು ನಿಜ. ಆದರೆ ಇಲ್ಲಿ ಹಣ ಕೊಟ್ಟು ಕೊಳ್ಳುವ ಸರಕು ಸಮಯ. ಇಂದು ಖಾಲಿ ಬಿದ್ದಿರುವ ಸ್ಲಾಟನ್ನು (ದಿನಕ್ಕೆ ಇಷ್ಟೇ ಎಂದು ಸಿಗುವ, ಮಂತ್ರ ಹಾಕುವ ಅವಕಾಶ) ನಾಳೆಯ, ನಾಡಿದ್ದಿನ, ಮುಂದಿನ ತಿಂಗಳ ಕಾಳಗಕ್ಕೆ ಎತ್ತಿಡುವ ದಾರಿ ಇದು. ಇದನ್ನು ಒಪ್ಪಿಕೊಂಡರೆ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಮಾಡಬಾರದು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಇಲ್ಲಿ ಬರುವ ಅಂಕಿಗಳು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಐದನೇ ಆವೃತ್ತಿಯ 2014ರ ನಿಯಮಗಳವು. 2024ರಲ್ಲಿ ಪರಿಷ್ಕೃತ ನಿಯಮಗಳು ಬಂದಿವೆ. ಅವುಗಳಂತೆ ಆಡುವವರು ತಮ್ಮ ಪುಸ್ತಕದ ಮಾತುಗಳನ್ನು ಒಮ್ಮೆ ಹೋಲಿಸಿ ನೋಡಿಕೊಳ್ಳಲಿ. ಬೇರೆ ಆಟ ಆಡುವವರಿಗೆ ಅಂಕಿ ಬೇರೆಯಾದರೂ ಲೆಕ್ಕ ಹಾಕುವ ಕ್ರಮ ಇದೇ.

ಮೊದಲ ಹೆಜ್ಜೆ: ನಿಯಮವನ್ನು ಪದ ಬಿಡದೆ ಓದಿ

ಗ್ಲಿಫ್ ಬರೆಯಲು ಆಟದೊಳಗಿನ ಒಂದು ಗಂಟೆ ಬೇಕು. ಅದನ್ನು ನೆಲ, ಗೋಡೆ, ಮೇಜಿನಂಥ ಮೇಲ್ಮೈ ಮೇಲೆ ಬರೆಯಬಹುದು. ಇಲ್ಲವೇ ಪುಸ್ತಕ, ಸುರುಳಿ, ಪೆಟ್ಟಿಗೆಯಂಥ ಮುಚ್ಚಬಲ್ಲ ವಸ್ತುವಿನ ಒಳಗೆ ಬರೆಯಬಹುದು. ಅಗಲ 10 ಅಡಿ ಮೀರಬಾರದು. ಯಾರಾದರೂ ತುಳಿದು ಸಿಡಿಸುವವರೆಗೆ ಅಥವಾ ಮಂತ್ರದಿಂದಲೇ ಅಳಿಸುವವರೆಗೆ ಅದು ಹಾಗೇ ಇರುತ್ತದೆ. ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಹುಡುಕುವವರು ಇನ್ವೆಸ್ಟಿಗೇಷನ್ (ಶೋಧನೆಯ ಕೌಶಲ) ದಾಳ ಉರುಳಿಸಿ ನಿಮ್ಮ ಮಂತ್ರದ ಸೇವ್ ಅಂಕಿಯನ್ನು (ಮಂತ್ರದಿಂದ ಪಾರಾಗಲು ದಾಳದಲ್ಲಿ ಬೀಳಬೇಕಾದ ಅಂಕಿ) ಮುಟ್ಟಬೇಕು.

ಎಲ್ಲರೂ ಮರೆಯುವ ಸಾಲು ಒಂದಿದೆ. ಗ್ಲಿಫ್ ಇರುವ ಮೇಲ್ಮೈ ಅಥವಾ ವಸ್ತು, ಬರೆದ ಜಾಗದಿಂದ 10 ಅಡಿಗಿಂತ ದೂರ ಸರಿದರೆ ಗ್ಲಿಫ್ ಒಡೆದುಹೋಗುತ್ತದೆ, ಸಿಡಿಯುವುದೂ ಇಲ್ಲ. ಹಾಗಾಗಿ ಸಿಡಿಯುವ ಪುಸ್ತಕವನ್ನು ಶತ್ರು ರಾಜನಿಗೆ ಉಡುಗೊರೆ ಕಳುಹಿಸುವ ಯೋಜನೆ, ಗುರಾಣಿಯ ಮೇಲೆ ಗ್ಲಿಫ್ ಬರೆದು ಹೊತ್ತೊಯ್ಯುವ ಯೋಜನೆ, ಬಾಣದ ತುದಿಗೆ ಗ್ಲಿಫ್ ಕಟ್ಟುವ ಯೋಜನೆ, ಇವೆಲ್ಲ ಹೊಸ್ತಿಲು ದಾಟುವ ಮುನ್ನವೇ ಸತ್ತುಹೋಗುತ್ತವೆ. ಇದನ್ನು ತಿಳಿಯದೆ ವಜ್ರದ ಪುಡಿ ಸುರಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಎರಡನೇ ಹೆಜ್ಜೆ: ಹಾನಿಗಾಗಿ ಕೊಳ್ಳುವ ಮುನ್ನ ಲೆಕ್ಕ ಹಾಕಿ

ಗ್ಲಿಫ್ ಎರಡು ಬಗೆ. ಮೊದಲನೆಯದು ಸ್ಫೋಟದ್ದು. 20 ಅಡಿ ತ್ರಿಜ್ಯದೊಳಗೆ ಇರುವವರಿಗೆಲ್ಲ ಎಂಟು ಮುಖದ 5 ದಾಳಗಳಷ್ಟು ಹಾನಿ, ಅಂದರೆ ಸರಾಸರಿ 22.5. ಡೆಕ್ಸ್ಟೆರಿಟಿ ಸೇವ್ (ಚುರುಕುತನದಿಂದ ಪಾರಾಗುವ ದಾಳ) ಗೆದ್ದವರಿಗೆ ಅರ್ಧ. ಅದೇ ಮಾಂತ್ರಿಕ ಅದೇ ಮೂರನೇ ಲೆವೆಲ್ ಸ್ಲಾಟಿನಿಂದ (ಸ್ಲಾಟಿನ ಲೆವೆಲ್ ಬೇರೆ, ಪಾತ್ರದ ಲೆವೆಲ್ ಬೇರೆ) ಕೈಯಾರೆ ಎಸೆಯುವ ಫೈರ್‌ಬಾಲ್ ಆರು ಮುಖದ 8 ದಾಳಗಳಷ್ಟು ಹಾನಿ ಮಾಡುತ್ತದೆ, ಸರಾಸರಿ 28. ಅದಕ್ಕೆ ಕಾಸು ಖರ್ಚಿಲ್ಲ. ಸ್ಫೋಟದ ಗ್ಲಿಫ್‌ನಲ್ಲಿ ಒಬ್ಬನೇ ಶತ್ರು ಸಿಕ್ಕಿ, ಅವನು ಸೇವ್ ಸೋತರೂ, ಒಂದು ಹಿಟ್ ಪಾಯಿಂಟಿಗೆ (ಜೀವಬಲದ ಅಂಕಿ) ಸುಮಾರು 9 ಚಿನ್ನದ ನಾಣ್ಯ ತೆತ್ತ ಹಾಗಾಯಿತು. ಕೈಯಿಂದ ಪುಕ್ಕಟೆ ಬರುವುದನ್ನು ಇಷ್ಟು ಬೆಲೆಗೆ ಕೊಳ್ಳುವುದು ಜಾಣತನವಲ್ಲ.

ಹಾಗೆಂದು ಸ್ಫೋಟದ ಗ್ಲಿಫ್ ಪೂರ್ತಿ ನಿಷ್ಪ್ರಯೋಜಕವೇನಲ್ಲ. ಹಾನಿಯ ಬಗೆಯನ್ನು ಬರೆಯುವಾಗಲೇ ಆರಿಸಿಕೊಳ್ಳಬಹುದು: ಆಮ್ಲ, ಶೀತ, ಬೆಂಕಿ, ಮಿಂಚು, ಗುಡುಗು. ಕಾಡಿನ ಟ್ರೋಲ್ ಇದೇ ದಾರಿಯಲ್ಲಿ ಬರುತ್ತದೆಂದು ಖಚಿತವಾಗಿ ಗೊತ್ತಿದ್ದರೆ ಬೆಂಕಿ ಅಥವಾ ಆಮ್ಲ ಆರಿಸಿ. ಅದರ ಗಾಯ ಮಾಯುವುದು ಆ ಸುತ್ತಿಗೆ ನಿಲ್ಲುತ್ತದೆ. ಇನ್ನೊಂದು ಸಂದರ್ಭ, ಶತ್ರುಗಳು ಗುಂಪಾಗಿ ನಿಲ್ಲಲೇಬೇಕಾದ ಜಾಗ. ಬೀಗ ಹಾಕಿದ ಬಾಗಿಲ ಮುಂದೆ ಒಬ್ಬ ಬೀಗ ತೆಗೆಯುತ್ತಿರುವಾಗ ಉಳಿದವರು ಅವನ ಬೆನ್ನಿಗೆ ಗುಂಪುಗೂಡುತ್ತಾರೆ. ಗ್ಲಿಫ್ ಬಾಗಿಲ ಹೊರಮೈಯಲ್ಲಿರಲಿ, ಷರತ್ತು ಬಾಗಿಲು ತೆರೆಯುವುದೇ ಆಗಿರಲಿ. ಆರು ಮಂದಿ ಸಿಕ್ಕರೆ ಅದೇ 200 ನಾಣ್ಯ ತನ್ನ ಬೆಲೆ ತಾನು ತೀರಿಸುತ್ತದೆ.

ಮೂರನೇ ಹೆಜ್ಜೆ: ಎರಡನೇ ಬಗೆಯನ್ನು ಕಲಿಯಿರಿ, ಲಾಭ ಇಲ್ಲಿದೆ

ಎರಡನೇ ಬಗೆಯಲ್ಲಿ ಗ್ಲಿಫ್ ಒಳಗೆ ಬೇರೊಂದು ಮಂತ್ರವನ್ನು ತುಂಬಿಡಬಹುದು. ಆ ಮಂತ್ರ ಗ್ಲಿಫ್ ಹಾಕಿದ ಸ್ಲಾಟಿನ ಲೆವೆಲ್ ಮೀರಬಾರದು. ಅದು ಒಂದೇ ಜೀವಿಯನ್ನು ಅಥವಾ ಒಂದು ಪ್ರದೇಶವನ್ನು ಗುರಿಯಾಗಿಸುವಂಥದ್ದಾಗಿರಬೇಕು. ಷರತ್ತು ಈಡೇರಿದಾಗ ಮಂತ್ರವು ಗ್ಲಿಫನ್ನು ಪ್ರಚೋದಿಸಿದ ಜೀವಿಯ ಮೇಲೆ ಬೀಳುತ್ತದೆ. ಪ್ರದೇಶದ ಮಂತ್ರವಾದರೆ ಆ ಜೀವಿಯನ್ನೇ ಕೇಂದ್ರವಾಗಿಸಿಕೊಳ್ಳುತ್ತದೆ.

ಇನ್ನೊಂದು ಸಾಲು ಇಡೀ ಮಂತ್ರದ ಬೆಲೆಯನ್ನು ಬದಲಿಸುತ್ತದೆ. ತುಂಬಿಟ್ಟ ಮಂತ್ರಕ್ಕೆ ಏಕಾಗ್ರತೆ ಬೇಕಿದ್ದರೂ, ಗ್ಲಿಫ್‌ನಿಂದ ಹೊರಟಾಗ ಅದು ತನ್ನ ಪೂರ್ಣ ಅವಧಿ ಮುಗಿಯುವವರೆಗೆ ಉಳಿಯುತ್ತದೆ. ಯಾರೂ ಏಕಾಗ್ರತೆ ಹಿಡಿದು ಕೂರಬೇಕಿಲ್ಲ. ಐದನೇ ಆವೃತ್ತಿಯಲ್ಲಿ ಒಬ್ಬ ಮಾಂತ್ರಿಕ ಒಂದು ಹೊತ್ತಿಗೆ ಒಂದೇ ಏಕಾಗ್ರತೆಯ ಮಂತ್ರ ನಡೆಸಬಲ್ಲ. ಏಟು ಬಿದ್ದರೆ ಅದೂ ಕಡಿದುಹೋಗಬಹುದು. ಈ ಎರಡೂ ಕಟ್ಟುಗಳನ್ನು ಹಣ ಕೊಟ್ಟು ಬಿಚ್ಚಿಸಿಕೊಳ್ಳುವ ಅವಕಾಶ ಆಟದಲ್ಲಿ ಅಪರೂಪ.

ಒಂದು ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ. ನಿಮ್ಮ ತಂಡ ಒಂದು ಕೋಟೆಯನ್ನು ಕಾಯಬೇಕಾಗಿದೆ, ಶತ್ರು ಸೈನ್ಯ ಬರಲು ಆರು ದಿನವಿದೆ. ಹೆಬ್ಬಾಗಿಲ ಒಳಗೆ, ಕಾಳಗ ನಡೆಯಲಿರುವ ಅಂಗಳದ ಅಂಚಿನಲ್ಲಿ, ಮಾಂತ್ರಿಕ ದಿನಕ್ಕೊಂದು ಗ್ಲಿಫ್ ಬರೆಯುತ್ತಾನೆ. ಒಂದರಲ್ಲಿ ‘ಹೇಸ್ಟ್’, ಪಕ್ಕದ್ದರಲ್ಲಿ ‘ಫ್ಲೈ’, ಅದರ ಪಕ್ಕದ್ದರಲ್ಲಿ ‘ಪ್ರೊಟೆಕ್ಷನ್ ಫ್ರಮ್ ಎನರ್ಜಿ’. ಮೂರಕ್ಕೂ ಷರತ್ತು ಒಂದೇ: ನಮ್ಮವರಲ್ಲೊಬ್ಬರು ಅಂಗೈ ಒತ್ತಿ ಗುಟ್ಟಿನ ಮಾತು ಹೇಳಬೇಕು. ಕಹಳೆ ಊದಿದಾಗ ತಂಡದ ಖಡ್ಗಧಾರಿ ಮೂರೂ ಕಲ್ಲುಗಳ ಮೇಲೆ ಅಂಗೈ ಒತ್ತುತ್ತ ಸಾಗಿ, ಇಮ್ಮಡಿ ವೇಗದಲ್ಲಿ ಹಾರುತ್ತ, ಬೆಂಕಿಗೆ ಜಗ್ಗದ ಮೈಯೊಂದಿಗೆ ಗೋಡೆ ದಾಟುತ್ತಾಳೆ. ಮಾಂತ್ರಿಕನ ಏಕಾಗ್ರತೆ ಇನ್ನೂ ಮುಟ್ಟದೆ ಉಳಿದಿದೆ, ಆ ದಿನದ ಸ್ಲಾಟುಗಳೂ ಉಳಿದಿವೆ. ಬಲೆಯ ಮಂತ್ರವನ್ನು ಶತ್ರುವಿಗೇ ಹೂಡಬೇಕೆಂಬ ನಿಯಮ ಎಲ್ಲೂ ಇಲ್ಲ.

ಇಲ್ಲಿ ಮೂರು ಎಚ್ಚರಿಕೆಗಳಿವೆ. ಗ್ಲಿಫ್‌ಗೆ ಒಂದು ಸ್ಲಾಟ್, ತುಂಬುವ ಮಂತ್ರಕ್ಕೆ ಇನ್ನೊಂದು ಸ್ಲಾಟ್ ಬೇಕು. ಐದನೇ ಲೆವೆಲ್ ಮಾಂತ್ರಿಕನಿಗೆ ಮೂರನೇ ಲೆವೆಲ್ಲಿನ ಸ್ಲಾಟುಗಳಿರುವುದೇ ಎರಡು. ಹೇಸ್ಟ್ ತುಂಬಿದ ದಿನ ಅವನ ಕೈ ಬಹುಮಟ್ಟಿಗೆ ಖಾಲಿ, ಆದ್ದರಿಂದ ಶಾಂತಿಯ ದಿನಗಳಲ್ಲೇ ಈ ಕೆಲಸ ಮುಗಿಯಬೇಕು. ಎರಡನೆಯದು, ಹೇಸ್ಟ್ ಒಂದೇ ನಿಮಿಷ ಇರುತ್ತದೆ, ಅಂದರೆ 10 ಸುತ್ತು. ಕಾಳಗದ ಜಾಗದಿಂದ ಅರ್ಧ ಮೈಲಿ ದೂರದಲ್ಲಿ ಅದನ್ನು ಬರೆದರೆ ದಾರಿಯಲ್ಲೇ ತೀರುತ್ತದೆ. ತೀರಿದ ಕೂಡಲೇ ಬಳಲಿಕೆ ಬಂದು ಆ ಜೀವಿ ತನ್ನ ಮುಂದಿನ ಸರದಿ ಕಳೆಯುವವರೆಗೆ ಚಲಿಸಲಾರದು, ಏನನ್ನೂ ಮಾಡಲಾರದು. ಹತ್ತನೇ ಸುತ್ತನ್ನು ಯಾರಾದರೂ ಎಣಿಸುತ್ತಿರಲಿ. ಮೂರನೆಯದು, ‘ಬ್ಲೆಸ್’ನಂತೆ ಮೂವರನ್ನು ಆರಿಸಿಕೊಳ್ಳುವ ಮಂತ್ರಗಳು ಇಲ್ಲಿ ಸಲ್ಲುವುದಿಲ್ಲ.

ಇದನ್ನು ಮಂತ್ರದ ಸುರುಳಿಗೆ ಹೋಲಿಸಿ ನೋಡಿ. ನಂತರ ಬಂದ ಪೂರಕ ನಿಯಮಗಳ ಪ್ರಕಾರ ಮೂರನೇ ಲೆವೆಲ್ ಸುರುಳಿ ಬರೆಯಲು ಒಂದು ವಾರ ಮತ್ತು 500 ಚಿನ್ನದ ನಾಣ್ಯ ಬೇಕು. ಬಳಸುವಾಗ ಏಕಾಗ್ರತೆಯೂ ಬೇಕು. ಗ್ಲಿಫ್‌ಗೆ ಒಂದು ಗಂಟೆ ಮತ್ತು 200 ನಾಣ್ಯ ಸಾಕು. ಸುರುಳಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬಹುದು, ಗ್ಲಿಫನ್ನು ಇಟ್ಟುಕೊಳ್ಳಲಾಗದು. ಕಾಳಗ ನಡೆಯುವ ಜಾಗವನ್ನು ನೀವೇ ಆರಿಸಬಲ್ಲಿರಾದರೆ ಗ್ಲಿಫ್ ಅಗ್ಗ. ಆರಿಸಲಾಗದಿದ್ದರೆ ಸುರುಳಿಯೇ ಸರಿ.

ಶತ್ರುವಿಗಾಗಿ ತುಂಬುವುದಾದರೆ ನನ್ನ ಮೊದಲ ಆಯ್ಕೆ ‘ಡಿಸ್ಪೆಲ್ ಮ್ಯಾಜಿಕ್’. ಎಷ್ಟೋ ಮಂದಿ ಇದನ್ನು ಯೋಚಿಸುವುದೇ ಇಲ್ಲ. ಕೊನೆಯ ಬಾಗಿಲ ಹೊಸ್ತಿಲಲ್ಲಿ ಇದು ಕಾದಿದ್ದರೆ, ಅದೃಶ್ಯನಾಗಿ, ಮಂತ್ರದ ಕವಚ ತೊಟ್ಟು, ಹಾರುತ್ತ ಬಂದ ಶತ್ರು ಮಾಂತ್ರಿಕನ ಮೇಲಿನ ಮೂರನೇ ಲೆವೆಲ್ ಹಾಗೂ ಅದಕ್ಕಿಂತ ಕೆಳಗಿನ ಮಂತ್ರಗಳೆಲ್ಲ ಒಂದೇ ಏಟಿಗೆ ಕಳಚಿ ಬೀಳುತ್ತವೆ. ಅದಕ್ಕಿಂತ ಮೇಲಿನವಕ್ಕೆ 10 ಮತ್ತು ಆ ಮಂತ್ರದ ಲೆವೆಲ್ ಕೂಡಿದ ಅಂಕಿಯನ್ನು ದಾಳದಲ್ಲಿ ಮುಟ್ಟಬೇಕು. ಇದಕ್ಕೆ ಸೇವ್ ಇಲ್ಲ. ಕಿರಿದಾದ ಓಣಿಯಲ್ಲಿ ‘ವೆಬ್’ ಕೂಡ ಒಳ್ಳೆಯದು. ಎರಡನೇ ಲೆವೆಲ್ ಮಂತ್ರವಾದ್ದರಿಂದ ದೊಡ್ಡ ಸ್ಲಾಟ್ ಒಂದು ಉಳಿಯುತ್ತದೆ, ಮತ್ತು ಆ ಜೇಡರ ಬಲೆ ಪೂರ್ತಿ ಒಂದು ಗಂಟೆ ನಿಲ್ಲುತ್ತದೆ. ತೆರೆದ ಬಯಲಲ್ಲಿ ಮಾತ್ರ ಬೇಡ, ಆಧಾರವಿಲ್ಲದೆ ಅದು ಕುಸಿಯುತ್ತದೆ. ಏಳನೇ ಲೆವೆಲ್ ದಾಟಿದವರು ನಾಲ್ಕನೇ ಲೆವೆಲ್ ಸ್ಲಾಟಿನಿಂದ ಗ್ಲಿಫ್ ಬರೆದು, ಶತ್ರುವನ್ನು ಬೇರೆ ಲೋಕಕ್ಕೆ ಅಟ್ಟುವ ‘ಬ್ಯಾನಿಶ್ಮೆಂಟ್’ ತುಂಬಬಹುದು. ಬೇರೆ ಲೋಕದಿಂದ ಬಂದ ಪಿಶಾಚಿಯು ಸೇವ್ ಸೋತರೆ, ಒಂದು ನಿಮಿಷ ಪೂರ್ತಿ ಕಳೆದ ಮೇಲೆ ಮರಳಿ ಬರುವುದಿಲ್ಲ. ಮಾಂತ್ರಿಕನನ್ನು ಹೊಡೆದು ಏಕಾಗ್ರತೆ ಮುರಿಯುವ ದಾರಿ ಅದರ ಗೆಳೆಯರಿಗೆ ಇಲ್ಲ.

ನಾಲ್ಕನೇ ಹೆಜ್ಜೆ: ಷರತ್ತನ್ನು ಕಾಗದದ ಮೇಲೆ ಬರೆಯಿರಿ

ಬಲೆ ಸೋಲುವುದು ಹೆಚ್ಚಾಗಿ ಇಲ್ಲಿ. ನಮ್ಮ ಮೇಜಿನಲ್ಲಿ ಒಮ್ಮೆ ತಂಡವು ಪಾಳು ಕಾವಲುಗೋಪುರವೊಂದನ್ನು ವಶಪಡಿಸಿಕೊಂಡಿತ್ತು. ಗೋಪುರದಲ್ಲಿ ಇಲಿಗಳು ಓಡಾಡುವುದನ್ನು ನಾನು ಎರಡು ಬಾರಿ ವರ್ಣಿಸಿದ್ದೆ. ಮಾಂತ್ರಿಕನ ಪಾತ್ರ ಆಡುತ್ತಿದ್ದ ಗೆಳತಿ ಮೆಟ್ಟಿಲ ಬುಡದಲ್ಲಿ ಗ್ಲಿಫ್ ಬರೆದು ‘ಮೆಟ್ಟಿಲು ತುಳಿದ ಯಾವ ಜೀವಿಗಾದರೂ’ ಎಂದು ಷರತ್ತು ಹೇಳಿದಳು. ಆ ರಾತ್ರಿಯ ಎರಡನೇ ಜಾವದಲ್ಲಿ ಗೋಪುರ ಅದುರಿತು. ಧೂಳು ಇಳಿದಾಗ ಮೆಟ್ಟಿಲ ಮೇಲೆ ಇದ್ದದ್ದು ಸುಟ್ಟ ಇಲಿಯೊಂದೇ. ಗುಡ್ಡ ಅಗೆದು ಇಲಿ ಹಿಡಿದ ಗಾದೆ ಅಕ್ಷರಶಃ ನಡೆದುಹೋಗಿತ್ತು. ಅವಳು ಮಾತಿಲ್ಲದೆ ಪಾತ್ರದ ಹಾಳೆಯಲ್ಲಿ 200 ಅಳಿಸಿ, ಉಳಿದ 60 ಬರೆದಳು. ರಬ್ಬರಿನ ಪುಡಿಯನ್ನು ಅವಳು ಬೆರಳಿನಿಂದ ನಿಧಾನವಾಗಿ ಒರೆಸಿದ್ದು ನನಗೆ ಇನ್ನೂ ನೆನಪಿದೆ.

ಮುಂದಿನ ಬಾರಿ ಅವಳು ಒಂದು ಸಣ್ಣ ಕಾರ್ಡಿನ ಮೇಲೆ ಬರೆದು ತಂದ ಷರತ್ತು ಇದು: ‘ಹದಿನೈದು ಕಿಲೋಗಿಂತ ಹೆಚ್ಚು ತೂಕದ, ಎರಡು ಕಾಲಿನ ಮೇಲೆ ನಡೆಯುವ ಜೀವಿ, ಮೂರನೇ ಮೆಟ್ಟಿಲನ್ನು ತುಳಿದಾಗ. ತುಳಿಯುವ ಮುನ್ನ ಬೆಳಕು ಬಂತು ಎಂದು ಹೇಳಿದವರನ್ನು ಬಿಟ್ಟು.’ ಈ ಒಂದು ವಾಕ್ಯದಲ್ಲಿ ಎಷ್ಟು ಕೆಲಸ ನಡೆದಿದೆ ನೋಡಿ. ತೂಕದ ಮಾತು ಇಲಿ, ಬೆಕ್ಕು, ಗೂಬೆಗಳನ್ನು ದೂರವಿಟ್ಟಿತು. ಎರಡು ಕಾಲಿನ ಮಾತು ದಾರಿ ತಪ್ಪಿದ ಮೇಕೆಯನ್ನು ದೂರವಿಟ್ಟಿತು. ಎತ್ತರವನ್ನು ಹಿಡಿಯದೆ ತೂಕವನ್ನು ಹಿಡಿದದ್ದರಿಂದ ಗಿಡ್ಡ ಗಾಬ್ಲಿನ್ ತಪ್ಪಿಸಿಕೊಳ್ಳುವಂತಿಲ್ಲ. ಎತ್ತರ, ತೂಕ, ಜೀವಿಯ ಜಾತಿ, ಅದರ ಧರ್ಮಾಧರ್ಮದ ಒಲವು, ಗುಟ್ಟಿನ ಮಾತು, ಇವೆಲ್ಲವನ್ನೂ ಷರತ್ತಿನಲ್ಲಿ ಸೇರಿಸಲು ನಿಯಮವೇ ಅನುಮತಿ ಕೊಟ್ಟಿದೆ.

ಗುಟ್ಟಿನ ಮಾತು ನಿತ್ಯದ ಸಂಭಾಷಣೆಯಲ್ಲಿ ಬರುವಂಥದ್ದಾಗಬಾರದು, ಗಾಬರಿಯಲ್ಲೂ ನಾಲಗೆಗೆ ಸಿಗುವಂತಿರಬೇಕು. ಕಾರ್ಡನ್ನು ಡಂಜನ್ ಮಾಸ್ಟರ್ ಓದಿ ಒಪ್ಪಿದ ಮೇಲೆ ಇಬ್ಬರೂ ಅದನ್ನು ತಿದ್ದಬಾರದು. ಆಮೇಲಿನ ವಾದಗಳೆಲ್ಲ ಅಲ್ಲಿಗೇ ಮುಗಿಯುತ್ತವೆ.

ಐದನೇ ಹೆಜ್ಜೆ: ಜಾಗದ ಬಗ್ಗೆ ಮೊದಲೇ ಕೇಳಿಕೊಳ್ಳಿ

ಹಡಗಿನ ಅಟ್ಟದ ಮೇಲೆ ಬರೆದ ಗ್ಲಿಫ್ ಏನಾಗುತ್ತದೆ? ಹಡಗು ಚಲಿಸಿದರೆ ಅಟ್ಟವೂ ಚಲಿಸಿದಂತೆ. ಇದನ್ನು ಒಬ್ಬೊಬ್ಬ ಡಂಜನ್ ಮಾಸ್ಟರ್ ಒಂದೊಂದು ರೀತಿ ತೀರ್ಮಾನಿಸುತ್ತಾರೆ. ‘ಬ್ಯಾಗ್ ಆಫ್ ಹೋಲ್ಡಿಂಗ್’ (ಹೊರಗಿನಿಂದ ಕಾಣುವುದಕ್ಕಿಂತ ಒಳಗೆ ಹೆಚ್ಚು ಜಾಗವಿರುವ ಮಾಯಾ ಚೀಲ) ಒಳಗೆ ಬರೆದರೆ ಚೀಲ ಹೊತ್ತು ನಡೆದರೂ ಒಳಗಿನದು ಸರಿಯಲಿಲ್ಲ ಎಂಬ ವಾದವೂ ಇದೆ. ನನ್ನ ಮೇಜಿನಲ್ಲಿ ನಾನು ಎರಡನ್ನೂ ಒಪ್ಪುವುದಿಲ್ಲ. ಜಾಗಕ್ಕೆ ಕಟ್ಟಿಬಿದ್ದಿರುವುದೇ ಈ ಮಂತ್ರದ ತೂಕ ಎಂದು ನಾನು ನಂಬುತ್ತೇನೆ. ನಿಮ್ಮ ಮೇಜಿನ ತೀರ್ಮಾನ ಬೇರೆ ಇರಬಹುದು. ಪುಡಿ ಸುರಿಯುವ ಮುನ್ನ ಕೇಳಿ.

ತಕರಾರಿಲ್ಲದ ದಾರಿ ಒಂದಿದೆ, ಆದರೆ ಅದು ಬಹಳ ಎತ್ತರದಲ್ಲಿದೆ. 15ನೇ ಲೆವೆಲ್ ಮಾಂತ್ರಿಕನಿಗೆ ಸಿಗುವ ಎಂಟನೇ ಲೆವೆಲ್ ಮಂತ್ರ ‘ಡೆಮಿಪ್ಲೇನ್’, ಎಲ್ಲಿಂದಲಾದರೂ ಬಾಗಿಲು ತೆರೆಯಬಲ್ಲ, ಪ್ರತಿ ಬದಿಗೆ 30 ಅಡಿಯ ಕೋಣೆಯೊಂದನ್ನು ಕೊಡುತ್ತದೆ. ಆ ಕೋಣೆ ಎಲ್ಲಿಗೂ ಸರಿಯುವುದಿಲ್ಲ. ಅದರ ಗೋಡೆ ತುಂಬ ಬಿಡುವಿನ ತಿಂಗಳುಗಳಲ್ಲಿ ಬರೆದ ಗ್ಲಿಫ್‌ಗಳಿದ್ದರೆ, ಕಾಳಗದ ಹೊಸ್ತಿಲಲ್ಲಿ ಬಾಗಿಲು ತೆರೆದು, ಒಳಹೊಕ್ಕು, ಶಕ್ತಿ ತುಂಬಿಕೊಂಡು ಹೊರಬರಬಹುದು. ಹನಿಗೂಡಿ ಹಳ್ಳವಾಗುವುದೆಂದರೆ ಇದೇ.

ಆರನೇ ಹೆಜ್ಜೆ: ಅಗ್ಗದ ಮಂತ್ರಗಳನ್ನು ಜೊತೆಗೆ ಹೂಡಿ

ಗ್ಲಿಫ್ ಸಿಡಿದಾಗ ಬರೆದವರಿಗೆ ಸುದ್ದಿ ಮುಟ್ಟುವುದಿಲ್ಲ. ಅದಕ್ಕೆ ‘ಅಲಾರ್ಮ್’ ಇದೆ. ಸ್ಲಾಟ್ ಖರ್ಚಿಲ್ಲದೆ ವಿಧಿಯಂತೆ ಹಾಕಬಹುದು, 8 ಗಂಟೆ ನಿಲ್ಲುತ್ತದೆ, ಒಂದು ಮೈಲಿಯೊಳಗೆ ಇದ್ದರೆ ಮನಸ್ಸಿನಲ್ಲೇ ಎಚ್ಚರಿಸುತ್ತದೆ. ವಸ್ತುವೊಂದು ಮಾತಾಡುವಂತೆ ಮಾಡುವ ‘ಮ್ಯಾಜಿಕ್ ಮೌತ್’ಗೆ 10 ನಾಣ್ಯದ ಜೇನುಗೂಡಿನ ಚೂರು ಮತ್ತು ಜೇಡ್ ಕಲ್ಲಿನ ಪುಡಿ ಸಾಕು. ಅದೂ ವಿಧಿಯಾಗಿ ನಡೆಯುತ್ತದೆ, ಅಳಿಸುವವರೆಗೆ ಇರುತ್ತದೆ, ಮತ್ತೆ ಮತ್ತೆ ಮಾತಾಡಬಲ್ಲದು. 25 ಪದಗಳ ಮಿತಿಯಲ್ಲಿ ‘ಒಂದು ಹೆಜ್ಜೆ ಮುಂದಿಟ್ಟರೆ ಸುಟ್ಟುಹೋಗುವಿರಿ’ ಎಂದು ಗದರಿದರೆ, ಮೊದಲ ಓಣಿಯಲ್ಲಿ ನಿಜವಾದ ಗ್ಲಿಫ್ ಸಿಡಿಯುವುದನ್ನು ಕಂಡ ಶತ್ರುಗಳು ಎರಡನೇ ಓಣಿಯಲ್ಲಿ ಬರೀ ಬಾಯಿಗೇ ಅರ್ಧ ಗಂಟೆ ತಡೆದು ನಿಲ್ಲುತ್ತಾರೆ. ಒಂದು ಗ್ಲಿಫ್‌ನ ಬೆಲೆಗೆ ಇಂಥ ಇಪ್ಪತ್ತು ಬಾಯಿಗಳು ಬರುತ್ತವೆ.

ವಜ್ರದ ಬಗ್ಗೆ ಒಂದು ಮಾತು. ಸತ್ತವರನ್ನು ಎಬ್ಬಿಸುವ ‘ರಿವಿವಿಫೈ’ಗೆ 300 ನಾಣ್ಯ ಬೆಲೆಯ ವಜ್ರಗಳು ಬೇಕು, ಪುಡಿ ಅಲ್ಲಿ ನಡೆಯದು. ತಂಡದ ಬಳಿ ಅಷ್ಟು ಬೆಲೆಯ ವಜ್ರ ಬೇರೆ ಇಲ್ಲದಿದ್ದರೆ ಕಲ್ಲನ್ನು ಕುಟ್ಟಿ ಪುಡಿ ಮಾಡಬೇಡಿ.

ಏಳನೇ ಹೆಜ್ಜೆ: ಸಾವಿರ ನಾಣ್ಯದ ‘ಸಿಂಬಲ್’

13ನೇ ಲೆವೆಲ್‌ಗೆ ಸಿಗುವ ‘ಸಿಂಬಲ್’ ಕೂಡ ಬರೆದಿಡುವ ಬಲೆಯ ಮಂತ್ರವೇ. ಅದಕ್ಕೆ ಪಾದರಸ, ರಂಜಕ, ವಜ್ರ ಮತ್ತು ಓಪಲ್ ಪುಡಿ ಸೇರಿ ಕನಿಷ್ಠ 1,000 ನಾಣ್ಯದ ಸಾಮಗ್ರಿ ಖರ್ಚಾಗುತ್ತದೆ. ಆದರೆ ಬರೆಯಲು ಒಂದೇ ನಿಮಿಷ ಸಾಕು, ಗುಹೆಯ ಬಾಯಲ್ಲಿ ನಿಂತೇ ಮುಗಿಸಬಹುದು. ಸಿಡಿದ ಮೇಲೆ 60 ಅಡಿ ತ್ರಿಜ್ಯದ ಪ್ರದೇಶ 10 ನಿಮಿಷ ಜೀವಂತವಾಗಿರುತ್ತದೆ. ಅದರೊಳಗೆ ಸರದಿ ಮುಗಿಸಿದವರೆಲ್ಲ ಪ್ರತಿ ಬಾರಿಯೂ ಸೇವ್ ಮಾಡಬೇಕು. ಅದರ ಪರಿಣಾಮಗಳಲ್ಲಿ ‘ಡೆತ್’ ಆರಿಸಿದರೆ ಸೋತಾಗ ಹತ್ತು ಮುಖದ 10 ದಾಳ, ಸರಾಸರಿ 55, ಗೆದ್ದರೂ ಅರ್ಧ. ಹಾಗಾದರೆ ಇಲ್ಲಿ ಮುಖ್ಯ ಕೆಲಸ ಶತ್ರುವನ್ನು ಒಳಗೇ ಇರಿಸುವುದು. 25 ನಾಣ್ಯದ ಚಿನ್ನದ ಪುಡಿಯಿಂದ ದೂರದ ಬಾಗಿಲಿಗೆ ‘ಆರ್ಕೇನ್ ಲಾಕ್’ ಹಾಕಿ. ಬಾಗಿಲು ಮುರಿಯಲು ಅವರು ಕಳೆಯುವ ಪ್ರತಿ ಸುತ್ತೂ ನಿಮ್ಮ ಸಾವಿರ ನಾಣ್ಯದ ಬಡ್ಡಿ. ಸೆರೆ ಹಿಡಿಯಬೇಕಾದವರಿದ್ದರೆ ‘ಸ್ಲೀಪ್’ ಆರಿಸಿ, ಹತ್ತು ನಿಮಿಷದ ನಿದ್ದೆ ಹಗ್ಗ ಬಿಗಿಯಲು ಧಾರಾಳ. ನಿಮ್ಮವರು ಒಳಗೆ ಕಾಲಿಡಬೇಕಾದ ಯೋಜನೆ ಇದ್ದರೆ ಅವರನ್ನು ಗುಟ್ಟಿನ ಮಾತಿನಿಂದ ಹೊರಗಿಡುವ ಬಗೆಯನ್ನು ಮೊದಲೇ ಗೊತ್ತುಮಾಡಿ.

ಡಂಜನ್ ಮಾಸ್ಟರ್‌ಗಳಿಗೆ

ಆಟಗಾರ ಗಂಟೆಗಟ್ಟಲೆ ಯೋಚಿಸಿ ಹೂಡಿದ ಬಲೆಯನ್ನು ಶತ್ರುಗಳು ಪ್ರತಿ ಬಾರಿಯೂ ಮೂಸಿ ನೋಡಿ ತಪ್ಪಿಸಿಕೊಂಡರೆ ಅವನು ಮತ್ತೆ ಹೂಡುವುದಿಲ್ಲ. ಗ್ಲಿಫ್ ಇದೆಯೆಂದು ನಿಮಗೆ ಗೊತ್ತು, ಗಾಬ್ಲಿನ್‌ಗೆ ಗೊತ್ತಿಲ್ಲ. ಅದು ನಿಜವಾಗಿ ಹುಡುಕುತ್ತಿದ್ದರೆ ಮಾತ್ರ ದಾಳ ಉರುಳಿಸಿ, ಎಲ್ಲರ ಮುಂದೆ ಉರುಳಿಸಿ. ನೀವೇ ಆಟಗಾರರ ವಿರುದ್ಧ ಗ್ಲಿಫ್ ಇಡುವಾಗ ಒಂದು ಸುಳಿವು ಬಿಡಿ: ಸುಟ್ಟ ಗೋಡೆ, ಎಲ್ಲರೂ ಸುತ್ತು ಬಳಸಿ ನಡೆದು ಸವೆದ ಕಲ್ಲಿನ ಅಂಚು, ಬಿರುಕಿನಲ್ಲಿ ಮಿನುಗುವ ವಜ್ರದ ಪುಡಿ. ಸುಳಿವಿಲ್ಲದ ಬಲೆ ಬರೀ ಹಿಟ್ ಪಾಯಿಂಟಿನ ಮೇಲಿನ ಕಂದಾಯ.

ಕೊನೆಯ ಹೆಜ್ಜೆ: ಬಳಕೆಯಾಗದ ಗ್ಲಿಫ್‌ಗಳನ್ನು ನಕ್ಷೆಯಲ್ಲಿ ಗುರುತಿಸಿ

ಜಾಗ ಬಿಟ್ಟು ಹೊರಡುವಾಗ ಸಿಡಿಯದೆ ಉಳಿದ ಗ್ಲಿಫ್‌ಗಳನ್ನು ಎಣಿಸಿ. ಅವು ವರ್ಷಗಳ ಕಾಲ ಅಲ್ಲೇ ಕಾಯುತ್ತವೆ. ಕೋಟೆಯನ್ನು ಹಳ್ಳಿಯವರಿಗೆ ಒಪ್ಪಿಸುವುದಾದರೆ ಮೂರನೇ ಲೆವೆಲ್ಲಿನ ಒಂದು ಡಿಸ್ಪೆಲ್ ಮ್ಯಾಜಿಕ್‌ನಿಂದ ಮೂರನೇ ಲೆವೆಲ್ಲಿನ ಒಂದು ಗ್ಲಿಫ್ ಅಳಿಯುತ್ತದೆ. ದಿನಕ್ಕೊಂದರಂತೆ ಅಳಿಸಲು ಸಮಯವಿಲ್ಲದಿದ್ದರೆ ನಕ್ಷೆಯ ಮೇಲೆ ಪ್ರತಿಯೊಂದರ ಜಾಗ, ಷರತ್ತು ಮತ್ತು ಗುಟ್ಟಿನ ಮಾತನ್ನು ಬರೆದು, ಬೀಗದ ಕೈಯ ಜೊತೆಗೆ ಅವರಿಗೆ ಕೊಟ್ಟು ಹೊರಡಿ.